ಬೆಸುಗೆ ವೃತ್ತಿ: ಕಿಲೋ ಲೆಕ್ಕದಲ್ಲಿ ಕಾಣದ ಬೆಲೆ

ಕೊಯ್ದ ಕಾಫಿ ಹಣ್ಣನ್ನು ಆ ದಿನವೇ ಪಲ್ಪಿಂಗ್ ಮಾಡಿ ಮುಗಿಸಬೇಕೆಂಬುದು ನಮ್ಮ ಬೆಳೆಗಾರರೆಲ್ಲರೂ ಬಲ್ಲ ನಿಯಮ. ರಾಶಿಯಲ್ಲಿ ರಾತ್ರಿ ಕಳೆದ ಹಣ್ಣು ಕಾವೇರಿ ಹುಳಿಯತೊಡಗುತ್ತದೆ. ಮರುದಿನ ಎಷ್ಟೇ ಶ್ರಮಪಟ್ಟರೂ ಹೋದ ಗುಣಮಟ್ಟ ಮರಳುವುದಿಲ್ಲ. ಡಿಸೆಂಬರ್ ತಿಂಗಳ ಒಂದು ಸಂಜೆ ಪಲ್ಪರಿನ ಚೌಕಟ್ಟು ಬಿರುಕು ಬಿಟ್ಟರೆ, ಅಥವಾ ಹಣ್ಣು ತುಂಬಿದ ಟ್ರೇಲರಿನ ಕೊಂಡಿ ಮುರಿದು ತೋಟದ ದಾರಿಯಲ್ಲೇ ನಿಂತರೆ, ಯಂತ್ರ ಮಾರಿದ ಕಂಪನಿಯ ಕಚೇರಿ ಎಲ್ಲೋ ದೂರದ ನಗರದಲ್ಲಿರುತ್ತದೆ. ಆ ಹೊತ್ತಿನಲ್ಲಿ ಬೆಳೆಯನ್ನು ಉಳಿಸಿಕೊಡುವವರು ಹೋಬಳಿ ಕೇಂದ್ರದ ರಸ್ತೆ ಬದಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿರುವ ಕುಶಲಕರ್ಮಿಗಳು.

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಅಂತಹ ಒಂದು ಹೋಬಳಿ ಕೇಂದ್ರ. ಕಾಫಿ, ಕಾಳುಮೆಣಸು, ಅಡಿಕೆ, ಭತ್ತದ ಹಿಡುವಳಿಗಳ ನಡುವೆ ಇರುವ ಇಂತಹ ಊರುಗಳಲ್ಲಿ ಬೆಸುಗೆಯ ಕೆಲಸಕ್ಕೆ ಬೇಡಿಕೆ ಕುಗ್ಗಿಲ್ಲ, ಹೆಚ್ಚುತ್ತಲೇ ಇದೆ. ಆದರೆ ಈ ವೃತ್ತಿಗೆ ಹೊಸದಾಗಿ ಬಂದು ನೆಲೆ ನಿಲ್ಲುವ ಯುವಕರು ಕಡಿಮೆ ಎಂಬ ಮಾತನ್ನು ಶಾಪಿನ ಮಾಲೀಕರೂ, ಅವರಿಗೆ ಕೆಲಸ ಕೊಡುವ ಬೆಳೆಗಾರರೂ ಸಮನಾಗಿ ಹೇಳುತ್ತಾರೆ. ಹುಡುಗರಿಗೆ ಕಷ್ಟದ ಕೆಲಸ ಬೇಡವಾಗಿದೆ ಎಂದು ಹೇಳಿ ಸುಮ್ಮನಾಗುವುದು ಸುಲಭ. ಈ ಲೇಖನದ ವಾದ ಬೇರೆ. ನಾವು ಕಬ್ಬಿಣವನ್ನು ತೂಗಿ ಹಣ ಕೊಡುತ್ತೇವೆ, ಬೆಸುಗೆಗೆ ಕೊಡುವುದಿಲ್ಲ. ಆದ್ದರಿಂದ ಬೆಸುಗೆಯನ್ನು ಕಲಿಸುವುದಕ್ಕೂ, ಕಲಿಯುವವನ ಕೂಲಿಗೂ, ಅವನ ಕಣ್ಣಿನ ರಕ್ಷಣೆಗೂ ಬಿಲ್ಲಿನಲ್ಲಿ ಜಾಗವೇ ಇಲ್ಲ. ಈ ಲೆಕ್ಕ ಬದಲಾಗದೆ ವೃತ್ತಿಗೆ ಹೊಸಬರು ಬರುವುದಿಲ್ಲ.

ವರ್ಷವಿಡೀ ಇರುವ ದುಡಿಮೆ

ಬೆಸುಗೆಯೆಂದರೆ ಗೇಟು, ಗ್ರಿಲ್ಲು ಎಂದಷ್ಟೇ ತಿಳಿದವರು ಕಾಫಿ ಸೀಮೆಯ ಒಂದು ವರ್ಷವನ್ನು ಗಮನಿಸಬೇಕು. ಮುಂಗಾರಿಗೆ ಮುನ್ನ ಗೋದಾಮಿನ ಟ್ರಸ್, ಲೈನ್ ಮನೆಗಳ ಛಾವಣಿ, ನೀರಿನ ಟ್ಯಾಂಕಿನ ಸ್ಟ್ಯಾಂಡ್. ಮಳೆ ಹಿಂದೆ ಸರಿಯುತ್ತಿದ್ದಂತೆ ಪಲ್ಪರ್ ಮತ್ತು ವಾಷರುಗಳ ದುರಸ್ತಿ, ಕಣದ ಮೇಲೆ ಹೊದಿಸುವ ಪಾರದರ್ಶಕ ಶೀಟಿನ ಚೌಕಟ್ಟು. ಕೊಯ್ಲಿನ ದಿನಗಳಲ್ಲಿ ಜೀಪು, ಪಿಕಪ್, ಟಿಲ್ಲರ್, ಟ್ರೇಲರ್. ಮಾರ್ಚ್ ತಿಂಗಳವರೆಗೂ ಹೂಮಳೆ ಬಾರದಿದ್ದರೆ ತುಂತುರು ನೀರಾವರಿಯ ಪೈಪು ಮತ್ತು ಪಂಪುಸೆಟ್ಟು. ಇದರ ಜೊತೆಗೆ ಈಚಿನ ವರ್ಷಗಳಲ್ಲಿ ಬೆಳೆದು ನಿಂತಿರುವ ಹೋಂಸ್ಟೇಗಳಿಗೆ ಮೆಟ್ಟಿಲಿನ ಕೈಪಿಡಿ, ಅಡುಗೆ ಮನೆಯ ಸ್ಟೀಲ್ ಮೇಜು, ವಾಹನ ನಿಲುಗಡೆಯ ಚಪ್ಪರ.

ಈ ಕೆಲಸಗಳೆಲ್ಲವೂ ಒಂದೇ ಬಗೆಯ ಬೆಸುಗೆಯಿಂದ ಆಗುವಂತಹವಲ್ಲ. ಸಾಧಾರಣ ಮೃದು ಉಕ್ಕಿಗೆ ಎಲ್ಲ ಅಂಗಡಿಗಳಲ್ಲೂ ಸಿಗುವ 6013 ರಾಡ್ ಸಾಕು. ಹಳೆಯ ಪಲ್ಪರಿನ ಬೀಡುಕಬ್ಬಿಣದ ಭಾಗಕ್ಕೆ ಅದೇ ರಾಡನ್ನು ಹಚ್ಚಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಅದಕ್ಕೆ ನಿಕ್ಕಲ್ ಅಂಶದ ರಾಡ್, ಮುಂಚಿತವಾಗಿ ಕಾಯಿಸುವುದು, ಸಣ್ಣ ಸಣ್ಣ ತುಂಡಾಗಿ ಬೆಸೆದು ನಿಧಾನವಾಗಿ ಆರಗೊಡುವುದು, ಇಷ್ಟೂ ಬೇಕು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಸರಿಯಾಗಿ ಬೆಸೆಯಲು ಆರ್ಗಾನ್ ಅನಿಲ ಬಳಸುವ, ಎಸಿ ವಿದ್ಯುತ್ತಿನ ಟಿಗ್ ಯಂತ್ರವೇ ತಕ್ಕದ್ದು. ಏಣಿಯ ಬೆಸುಗೆ ಬಿಟ್ಟರೆ ಬೀಳುವವನು ಮೂವತ್ತು ಅಡಿ ಎತ್ತರದ ಸಿಲ್ವರ್ ಓಕ್ ಮರದ ಮೇಲಿರುವ ಮನುಷ್ಯ ಎಂಬುದನ್ನು ಮರೆಯಬಾರದು. ಸ್ಟೇನ್‌ಲೆಸ್ ಸ್ಟೀಲಿಗೂ ಅದರದೇ ಆದ ರಾಡ್ ಮತ್ತು ಕ್ರಮವಿದೆ. ಇವನ್ನೆಲ್ಲ ಬಲ್ಲ ಕುಶಲಕರ್ಮಿ ಹೋಬಳಿಯಲ್ಲಿದ್ದರೆ ಹಣವೂ ಇಲ್ಲಿಯೇ ಉಳಿಯುತ್ತದೆ. ಇಲ್ಲವಾದರೆ ಕೆಲಸ ಹಾಸನಕ್ಕೋ ಮಂಗಳೂರಿಗೋ ಹೋಗುತ್ತದೆ.

ಶಾಪಿನ ಪಾಠಶಾಲೆ

ಈ ವೃತ್ತಿಗೆ ಪ್ರವೇಶಿಸಲು ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ದಾರಿ ಶಾಪಿನದೇ. ಎಸ್‌ಎಸ್‌ಎಲ್‌ಸಿಯಲ್ಲಿ ಅನುತ್ತೀರ್ಣನಾದ, ಅಥವಾ ಮುಂದೆ ಓದಲು ಅನುಕೂಲವಿಲ್ಲದ ಹುಡುಗ ಪರಿಚಿತರ ಮೂಲಕ ಬಂದು ಸೇರುತ್ತಾನೆ. ಮೊದಲಿಗೆ ಕಬ್ಬಿಣ ಹಿಡಿದುಕೊಳ್ಳುವುದು, ತುಕ್ಕು ಉಜ್ಜುವುದು, ಬೆಸುಗೆಯ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ತೆಗೆಯುವುದು. ಆಮೇಲೆ ಗ್ರೈಂಡರ್, ಅಳತೆ, ಕತ್ತರಿಸುವುದು. ಬಹಳ ದಿನಗಳ ನಂತರ ಹೋಲ್ಡರ್ ಕೈಗೆ ಬರುತ್ತದೆ.

ಈ ಕ್ರಮವನ್ನು ಹೀಗಳೆಯುವ ಅಗತ್ಯವಿಲ್ಲ. ಕಬ್ಬಿಣ ಕಾದಾಗ ಯಾವ ಕಡೆಗೆ ಬಾಗುತ್ತದೆ, ಯಾವ ಮೂಲೆಯನ್ನು ಮೊದಲು ಟ್ಯಾಕ್ ಮಾಡಿದರೆ ಚೌಕಟ್ಟು ಮೂಲೆಮಟ್ಟಕ್ಕೆ ನಿಲ್ಲುತ್ತದೆ, ರಾಡಿನ ಸದ್ದು ಕೇಳಿಯೇ ಕರೆಂಟು ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು ಹೇಗೆ ಎಂಬ ಜ್ಞಾನ ಪುಸ್ತಕದಿಂದ ಬರುವುದಲ್ಲ. ವಿದ್ಯುತ್ ಮಾರ್ಗದ ಕೊನೆಯಲ್ಲಿರುವ ತೋಟಗಳಲ್ಲಿ ವೋಲ್ಟೇಜ್ ಕುಸಿದಾಗಲೂ ಕೆಲಸ ಪೂರೈಸಿ ಬರುವ ಜಾಣ್ಮೆಯನ್ನು ಕಲಿಸುವ ತರಗತಿ ಬೇರೆಲ್ಲೂ ಇಲ್ಲ.

ಆದರೆ ಈ ಪಾಠಶಾಲೆಯಲ್ಲಿ ಕೊರತೆಗಳೂ ಇವೆ. ಕಲಿಯುವ ಕಾಲದಲ್ಲಿ ನಿಗದಿಯಾದ ಕೂಲಿಯಿಲ್ಲ; ಊಟ, ಚಹಾ, ಬಸ್ಸಿನ ಹಣ ಎಂಬ ಲೆಕ್ಕದಲ್ಲಿಯೇ ತಿಂಗಳುಗಳು ಕಳೆಯುತ್ತವೆ. ಕಲಿತದ್ದು ಮೃದು ಉಕ್ಕಿನ ಒಂದೇ ಬಗೆಯ ಬೆಸುಗೆಗೆ ನಿಲ್ಲುತ್ತದೆ, ಏಕೆಂದರೆ ಮಾಲೀಕರ ಬಳಿ ಇರುವ ಯಂತ್ರ ಅದೊಂದೇ. ಎಲ್ಲಕ್ಕಿಂತ ಮಿಗಿಲಾಗಿ, ಐದು ವರ್ಷ ದುಡಿದ ಮೇಲೆಯೂ ಅವನು ಬಲ್ಲ ವಿದ್ಯೆಗೆ ಸಾಕ್ಷಿಯಾಗಿ ಒಂದು ಕಾಗದವಿರುವುದಿಲ್ಲ. ಹೋಬಳಿಯ ಹೊರಗೆ ಕಾಲಿಟ್ಟರೆ ಅವನು ಮತ್ತೆ ಸಹಾಯಕನೇ.

ಐಟಿಐ ಮಾರ್ಗ

ಇನ್ನೊಂದು ದಾರಿ ಕೈಗಾರಿಕಾ ತರಬೇತಿ ಸಂಸ್ಥೆಯದು. ವೆಲ್ಡರ್ ವೃತ್ತಿಯ ತರಬೇತಿ ಒಂದು ವರ್ಷದ್ದು. 8ನೇ ತರಗತಿ ಉತ್ತೀರ್ಣರಾದವರು, 14 ವರ್ಷ ತುಂಬಿದವರು ಸೇರಬಹುದು. ಎಸ್‌ಎಸ್‌ಎಲ್‌ಸಿ ಆಗದಿದ್ದರೆ ಎಲ್ಲ ಬಾಗಿಲುಗಳೂ ಮುಚ್ಚಿದಂತೆ ಎಂದು ನಮ್ಮ ಹಳ್ಳಿಗಳಲ್ಲಿ ಭಾವಿಸಿರುವ ತಂದೆತಾಯಿಯರಿಗೆ ಈ ಒಂದು ಸಂಗತಿ ತಿಳಿದಿರುವುದಿಲ್ಲ. ವಿದ್ಯುತ್ ಬೆಸುಗೆ, ಆಕ್ಸಿಜನ್–ಅಸಿಟಲೀನ್ ಬೆಸುಗೆ ಮತ್ತು ಕತ್ತರಿಸುವಿಕೆ, ಮಿಗ್, ಟಿಗ್, ಲೋಹಗಳ ಗುಣ, ನಕ್ಷೆ ಓದುವುದು, ಬೆಸುಗೆಯ ದೋಷಗಳನ್ನು ಪರೀಕ್ಷಿಸುವುದು ಪಠ್ಯದಲ್ಲಿವೆ. ಅಖಿಲ ಭಾರತ ವೃತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಹೆಣ್ಣುಮಕ್ಕಳಿಗೂ ಈ ತರಬೇತಿ ತೆರೆದಿದೆ; ಕೈಯ ಸ್ಥಿರತೆ ಮತ್ತು ತಾಳ್ಮೆ ಬೇಡುವ ಟಿಗ್ ಬೆಸುಗೆಗೆ ತೋಳಿನ ಬಲ ಮುಖ್ಯವಲ್ಲ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆ 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ಎಲ್ಲ ಐಟಿಐಗಳಲ್ಲೂ ವೆಲ್ಡರ್ ವೃತ್ತಿ ಇರುವುದಿಲ್ಲ. ಅರ್ಜಿ ಹಾಕುವ ಮುನ್ನ ಹತ್ತಿರದ ಸಂಸ್ಥೆಯಲ್ಲಿ ಈ ವೃತ್ತಿ ಇದೆಯೇ, ಬೋಧಕರಿದ್ದಾರೆಯೇ, ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ರಾಡ್ ಸುಡಲು ಸಿಗುತ್ತದೆ ಎಂಬುದನ್ನು ಖುದ್ದಾಗಿ ಹೋಗಿ ವಿಚಾರಿಸುವುದು ಒಳ್ಳೆಯದು. ಕೊನೆಯ ಪ್ರಶ್ನೆಯೇ ಮುಖ್ಯವಾದುದು. ರಾಡ್ ಸುಡದೆ ಬೆಸುಗೆ ಬರುವುದಿಲ್ಲ.

ಐಟಿಐಯಲ್ಲಿ ಒಂದು ವರ್ಷ ಕಲಿತವನಿಗೆ ಶಾಸ್ತ್ರ ತಿಳಿದಿರುತ್ತದೆ, ವೇಗವಿರುವುದಿಲ್ಲ. ಶಾಪಿನಲ್ಲಿ ಐದು ವರ್ಷ ಕಲಿತವನಿಗೆ ವೇಗವಿರುತ್ತದೆ, ಶಾಸ್ತ್ರ ಮತ್ತು ಕಾಗದ ಇರುವುದಿಲ್ಲ. ಇವೆರಡನ್ನೂ ಜೋಡಿಸುವುದೇ ಪ್ರವೇಶದ ಸರಿಯಾದ ಮಾರ್ಗ.

ಹೊರಗಿನ ಜಗತ್ತು ಕೇಳುವ ಪರೀಕ್ಷೆ

ದೊಡ್ಡ ಬೆಸುಗೆಯ ಕೆಲಸ ನಮ್ಮ ಗುಡ್ಡಗಳಿಗೆ ಹೊಸದಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿ ಅಂದಿನ ಮೂಡಿಗೆರೆ ತಾಲ್ಲೂಕಿನಲ್ಲಿಯೇ ಇತ್ತು. ಅಲ್ಲಿಂದ ಮಂಗಳೂರಿನವರೆಗೆ 67 ಕಿಲೋಮೀಟರ್ ಉದ್ದದ ಉಕ್ಕಿನ ಕೊಳವೆಯಲ್ಲಿ ಅದಿರಿನ ಕೆಸರು ಘಟ್ಟವಿಳಿದು ಹರಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. 2003ರಲ್ಲಿ ಆರಂಭವಾದ ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಕೊಳವೆ ಮಾರ್ಗವೂ ಪಶ್ಚಿಮ ಘಟ್ಟವನ್ನು ಹತ್ತಿಯೇ ಸಾಗುತ್ತದೆ.

ಇಂತಹ ಕೊಳವೆ ಮಾರ್ಗದಲ್ಲಿ ಒಬ್ಬ ವೆಲ್ಡರ್ ರಾಡ್ ಹಿಡಿಯುವ ಮುನ್ನ ಪರೀಕ್ಷೆಯ ತುಂಡನ್ನು ಬೆಸೆದು ತೋರಿಸಬೇಕು. ಅದನ್ನು ಕತ್ತರಿಸಿ, ಬಗ್ಗಿಸಿ, ಎಕ್ಸ್‌ರೇ ತೆಗೆದು ಒಪ್ಪಿದ ಮೇಲೆಯೇ ಕೆಲಸ. ಬೆಸುಗೆಯ ಭಂಗಿಗಳಿಗೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಸಂಕೇತಗಳಿವೆ. ಹಲಗೆಯನ್ನು ನೆಲಕ್ಕೆ ಸಮನಾಗಿಟ್ಟು ಬೆಸೆಯುವುದು 1ಜಿ, ಕೆಳಗಿನಿಂದ ಮೇಲಕ್ಕೆ ನೇರವಾಗಿ ಬೆಸೆಯುವುದು 3ಜಿ, ತಲೆಯ ಮೇಲೆ ಬೆಸೆಯುವುದು 4ಜಿ. 45 ಡಿಗ್ರಿ ಓರೆಯಾಗಿ ಕದಲದಂತೆ ನಿಲ್ಲಿಸಿದ ಕೊಳವೆಯನ್ನು ಸುತ್ತಲೂ ಬೆಸೆಯುವುದು 6ಜಿ. ತೈಲ ಶುದ್ಧೀಕರಣ ಘಟಕ, ಹಡಗುಕಟ್ಟೆ, ಕೊಲ್ಲಿ ರಾಷ್ಟ್ರಗಳ ಗುತ್ತಿಗೆದಾರರು ಕೇಳುವುದು ಈ ಪರೀಕ್ಷೆಯ ದಾಖಲೆಯನ್ನು. ಬಾಯ್ಲರ್ ಕೆಲಸಕ್ಕೆ ಬಾಯ್ಲರ್ ನಿಯಮಾವಳಿಯ ಅಡಿಯಲ್ಲಿ ಪ್ರತ್ಯೇಕ ಪ್ರಮಾಣಪತ್ರ ಬೇಕು. ಉನ್ನತ ತರಬೇತಿಗೆ ತಿರುಚಿರಾಪಳ್ಳಿಯಲ್ಲಿ ಬಿಎಚ್‌ಇಎಲ್ 1975ರಲ್ಲಿ ಸ್ಥಾಪಿಸಿದ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಿದೆ.

ಗೋಣಿಬೀಡಿನ ಹುಡುಗರೆಲ್ಲರೂ ಹೊರದೇಶಕ್ಕೆ ಹೋಗಲಿ ಎಂಬುದು ಇದರ ತಾತ್ಪರ್ಯವಲ್ಲ. ಹೋಗಲು ಅರ್ಹತೆಯಿದ್ದೂ ಇಲ್ಲಿ ಉಳಿಯುವವನು ಚೌಕಾಶಿಯಲ್ಲಿ ಬಲವಾಗಿ ನಿಲ್ಲುತ್ತಾನೆ. ಬೇರೆ ದಾರಿಯಿಲ್ಲದೆ ಉಳಿದವನಿಗೆ ಆ ಬಲವಿಲ್ಲ.

ತೂಕದ ಲೆಕ್ಕ

ಇನ್ನು ಮುಖ್ಯ ವಿಷಯ. ನಮ್ಮಲ್ಲಿ ಗೇಟು, ಶೆಡ್ಡು, ಟ್ರಸ್‌ಗಳ ದರ ನಿಗದಿಯಾಗುವುದು ಕಿಲೋ ಲೆಕ್ಕದಲ್ಲಿ. ಕಬ್ಬಿಣದ ಬೆಲೆ, ಮಜೂರಿ, ರಾಡ್, ಕರೆಂಟು, ಬಣ್ಣ ಎಲ್ಲವೂ ಆ ಒಂದು ಅಂಕಿಯೊಳಗೆ ಅಡಗಿರುತ್ತವೆ. ಈ ಪದ್ಧತಿಗೆ ಅದರದೇ ಆದ ಅನುಕೂಲವಿದೆ. ತೂಕವನ್ನು ಯಾರೂ ಅಲ್ಲಗಳೆಯಲಾರರು; ಗಿರಾಕಿಗೂ ಮಾಲೀಕರಿಗೂ ಜಗಳವಿಲ್ಲ.

ಆದರೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಣದ ಪಕ್ಕದಲ್ಲಿ 400 ಕಿಲೋ ತೂಕದ ಒಂದು ಶೆಡ್ ಆಗಬೇಕಿದೆ. ಒಬ್ಬರು ಪ್ರತಿ ಸಂದಿನ ತುಕ್ಕನ್ನು ಉಜ್ಜಿ ತೆಗೆದು, ರಾಡನ್ನು ಒಣಗಿಸಿಕೊಂಡು, ಸುತ್ತಲೂ ಪೂರ್ಣ ಬೆಸುಗೆ ಹಾಕಿ, ಕಿಟ್ಟ ತೆಗೆದು ಪರೀಕ್ಷಿಸಿ, ಆಮೇಲೆ ಪ್ರೈಮರ್ ಬಳಿಯುತ್ತಾರೆ. ಇನ್ನೊಬ್ಬರು ಅಲ್ಲಲ್ಲಿ ಟ್ಯಾಕ್ ಮಾಡಿ, ಕಾಣುವ ಕಡೆ ಮಾತ್ರ ಬೆಸುಗೆ ಎಳೆದು, ಕಿಟ್ಟದ ಮೇಲೆಯೇ ಬಣ್ಣ ಹೊಡೆಯುತ್ತಾರೆ. ಮೊದಲನೆಯವರಿಗೆ ಎರಡು ದಿನ ಹೆಚ್ಚು ಹಿಡಿಯುತ್ತದೆ. ತಕ್ಕಡಿಯ ಮೇಲೆ ಎರಡು ಶೆಡ್‌ಗಳೂ ಒಂದೇ. ಹಣವೂ ಒಂದೇ. ವ್ಯತ್ಯಾಸ ತಿಳಿಯುವುದು ಆಷಾಢದ ಗಾಳಿಗೆ ಶೀಟು ಸಮೇತ ಟ್ರಸ್ ಕಳಚಿದ ದಿನ.

ಕಿಲೋ ದರ ಗಿರಾಕಿಗೂ ಲಾಭವಲ್ಲ. ಹಗುರವಾದ ಪೈಪನ್ನು ಸರಿಯಾಗಿ ಜೋಡಿಸಿ ಬೆಸೆದರೆ ಸಾಕಾಗುವ ಕಡೆಯಲ್ಲಿ ದಪ್ಪನೆಯ ಆ್ಯಂಗಲ್ ಹಾಕುವುದು ಶಾಪಿನವರಿಗೆ ಲಾಭದಾಯಕವಾಗುತ್ತದೆ. ಬುದ್ಧಿ ಖರ್ಚು ಮಾಡಿ ಕಬ್ಬಿಣ ಉಳಿಸಿದವರಿಗೆ ಈ ಲೆಕ್ಕ ದಂಡ ವಿಧಿಸುತ್ತದೆ.

ಕಲಿಯುವವನ ದೃಷ್ಟಿಯಿಂದ ನೋಡಿದರೆ ಹಾನಿ ಇನ್ನೂ ಹೆಚ್ಚು. ಕಲಿಕೆಯೆಂದರೆ ತೂಕವಿಲ್ಲದ ಸಮಯ. ಹಾಳಾದ ತುಂಡುಗಳು, ಸುಟ್ಟ ರಾಡ್‌ಗಳು, ಗುರುವು ಕೆಲಸ ನಿಲ್ಲಿಸಿ ಹೇಳಿಕೊಡುವ ಗಂಟೆಗಳು, ಯಾವುದೂ ತಕ್ಕಡಿಯಲ್ಲಿ ಏರುವುದಿಲ್ಲ. ಹೀಗಾಗಿ ಮಾಲೀಕರು ಹುಡುಗನಿಗೆ ಕಲಿಸದೆ ಕಬ್ಬಿಣ ಹೊರಿಸುವುದರಲ್ಲಿಯೇ ಲಾಭ ಕಾಣುತ್ತಾರೆ. ಹುಡುಗ ಆರು ತಿಂಗಳಲ್ಲಿ ಬೇಸತ್ತು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಇಬ್ಬರೂ ಕೆಟ್ಟವರಲ್ಲ. ಲೆಕ್ಕ ಹಾಗಿದೆ.

ಮಲೆನಾಡಿನ ಮಳೆ ಮತ್ತು ಕಾಣದ ಖರ್ಚು

ನಮ್ಮ ಸೀಮೆಯ ಹವೆಯು ಈ ಕಾಣದ ಖರ್ಚನ್ನು ಹೆಚ್ಚಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ರಾಡಿನ ಲೇಪನ ತೇವವನ್ನು ಹೀರುತ್ತದೆ. ಆ ತೇವದಿಂದ ಹುಟ್ಟುವ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ ರಂಧ್ರಗಳಿಗೂ, ದಪ್ಪ ಉಕ್ಕಿನಲ್ಲಿ ಬಿರುಕಿಗೂ ಕಾರಣವಾಗುತ್ತದೆ. ಭಾರ ಹೊರುವ ಕೆಲಸಕ್ಕೆ ಬಳಸುವ 7018 ರಾಡನ್ನು 300ರಿಂದ 350 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಯ ಕಾಲವಾದರೂ ಒಣಗಿಸಿ, ಬೆಚ್ಚಗಿರುವಾಗಲೇ ಬಳಸಬೇಕು. ಅದಕ್ಕೊಂದು ಸಣ್ಣ ಒಲೆ ಬೇಕು. ಕಿಲೋ ದರದಲ್ಲಿ ಆ ಒಲೆಗೆ ಹಣವೆಲ್ಲಿ?

ಒದ್ದೆ ನೆಲದಲ್ಲಿ ನಿಂತು, ಬೆವರಿದ ಕೈಯಲ್ಲಿ ಹರಿದ ಕೇಬಲ್ ಹಿಡಿದವನಿಗೆ ವೆಲ್ಡಿಂಗ್ ಯಂತ್ರದ ವೋಲ್ಟೇಜೂ ಮಾರಕವಾಗಬಲ್ಲದು. ಒಣಗಿದ ಚರ್ಮದ ಕೈಗವಸು, ರಬ್ಬರ್ ಅಡಿಯ ಬೂಟು, ಸರಿಯಾದ ಅರ್ಥಿಂಗ್ ಇಲ್ಲಿ ಅತ್ಯಗತ್ಯ. ಡೀಸೆಲ್ ಪೀಪಾಯಿ ಅಥವಾ ವಾಹನದ ಇಂಧನ ಟ್ಯಾಂಕನ್ನು ಖಾಲಿಯಿದೆಯೆಂದು ನಂಬಿ ಬೆಸೆಯಹೊರಟರೆ ಒಳಗೆ ಉಳಿದ ಆವಿಯೇ ಸಿಡಿಯುತ್ತದೆ. ಆಕ್ಸಿಜನ್ ಸಿಲಿಂಡರಿನ ಬಾಯಿಗೆ ಎಣ್ಣೆ, ಗ್ರೀಸ್ ತಾಗಬಾರದು. ಅಸಿಟಲೀನ್ ಸಿಲಿಂಡರನ್ನು ಮಲಗಿಸಿ ಬಳಸಬಾರದು.

ಕಣ್ಣಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಶೀಲ್ಡ್ ಇಲ್ಲದೆ ಬೆಸುಗೆಯ ಬೆಳಕನ್ನು ನೋಡಿದ ಹುಡುಗನಿಗೆ ಆ ಕ್ಷಣ ಏನೂ ಆಗುವುದಿಲ್ಲ. ಕೆಲವು ಗಂಟೆಗಳ ನಂತರ, ರಾತ್ರಿ ಮಲಗಿದಾಗ, ಕಣ್ಣಿಗೆ ಮರಳು ಸುರಿದಂತಹ ಉರಿ ಏಳುತ್ತದೆ. ನೇರಳಾತೀತ ಕಿರಣಗಳು ಕಣ್ಣಿನ ಮೇಲ್ಪೊರೆಯನ್ನು ಸುಡುವುದೇ ಇದಕ್ಕೆ ಕಾರಣ. ಆಲೂಗಡ್ಡೆಯ ಹೋಳು ಇಡುವುದು, ಎದೆಹಾಲು ಬಿಡುವುದು ಮುಂತಾದ ಮನೆಮದ್ದುಗಳು ಸೋಂಕಿಗೆ ದಾರಿಯಾಗಬಹುದು. ವೈದ್ಯರನ್ನು ಕಾಣುವುದೇ ಸರಿ. ರಕ್ಷಣೆ ಬೇಕಿರುವುದು ರಾಡ್ ಹಿಡಿದವರಿಗೆ ಮಾತ್ರವಲ್ಲ. ಬೆಸುಗೆ ಮಾಡುವವರ ಕೈಯಲ್ಲಿ ಶೀಲ್ಡ್ ಇರುತ್ತದೆ, ಪಕ್ಕದಲ್ಲಿ ಕಬ್ಬಿಣ ಹಿಡಿದು ನಿಂತ ಹುಡುಗನ ಮುಖ ಬರಿದಾಗಿರುತ್ತದೆ.

ಹೊಗೆಯೂ ಹಾಗೆಯೇ. ಜಿಐ ಪೈಪಿನ ಸತುವಿನ ಲೇಪನವನ್ನು ಕೆರೆದು ತೆಗೆಯದೆ ಬೆಸೆದರೆ ಅದರ ಹೊಗೆಯಿಂದ ರಾತ್ರಿ ಚಳಿಜ್ವರ ಬರುತ್ತದೆ. ಬೆಲ್ಲ ತಿಂದು ಹಾಲು ಕುಡಿದರೆ ಹೊಗೆ ಕರಗುತ್ತದೆ ಎಂಬುದು ನಂಬಿಕೆಯಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಬೆಸುಗೆಯ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಗಾಳಿಯಾಡುವ ಜಾಗ, ಹೊಗೆ ಎಳೆಯುವ ಫ್ಯಾನು, ತಕ್ಕ ಮುಖಗವಸು ಇವು ಇನ್ನು ಐಷಾರಾಮದ ಮಾತಲ್ಲ.

ಆಕ್ಷೇಪಗಳಿಗೆ ಉತ್ತರ

ಶಾಪಿನ ಮಾಲೀಕರು ಹೇಳುವ ಮೊದಲ ಮಾತು: ಕಲಿಸಿದ ಹುಡುಗ ನಾಳೆ ಎದುರಿಗೇ ಅಂಗಡಿ ತೆರೆಯುತ್ತಾನೆ. ಇದು ಸುಳ್ಳಲ್ಲ. ಆದರೆ ಸರಿಯಾಗಿ ಕಲಿತು ಎದುರಿಗೆ ಅಂಗಡಿ ತೆರೆದವನಿಗೆ ತನ್ನ ಕೆಲಸದ ಖರ್ಚು ಗೊತ್ತಿರುತ್ತದೆ. ಅವನು ದರವನ್ನು ಕಾಪಾಡುತ್ತಾನೆ. ಅರ್ಧ ಕಲಿತು ತೆರೆದವನು ಕಿಲೋಗೆ ಐದು ರೂಪಾಯಿ ಇಳಿಸಿ ಎಲ್ಲರ ದರವನ್ನೂ ಕೆಡಿಸುತ್ತಾನೆ.

ಬೆಳೆಗಾರರು ಹೇಳುವುದು: ಕಾಫಿ ಬೆಲೆ ಇಂದಿದ್ದಂತೆ ನಾಳೆಯಿಲ್ಲ, ಹೆಚ್ಚಿನ ಖರ್ಚು ತಡೆಯಲಾರೆವು. 2001–02ರ ಬೆಲೆ ಕುಸಿತವನ್ನು ಅನುಭವಿಸಿದ ಯಾರೂ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಆದರೆ 2025ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ಮೀರಿದ್ದೂ ನಿಜ. ಬೆಲೆ ಚೆನ್ನಾಗಿದ್ದ ವರ್ಷದಲ್ಲಿ ಕಟ್ಟಿಕೊಂಡ ಕೌಶಲ್ಯವೇ ಕೆಟ್ಟ ವರ್ಷದಲ್ಲಿ ಹಳೆಯ ಯಂತ್ರವನ್ನು ಇನ್ನೊಂದು ಕೊಯ್ಲಿಗೆ ಓಡಿಸುತ್ತದೆ. ಕೊಯ್ಲಿನ ಆಳುಗಳ ವಿಷಯದಲ್ಲಿ ನಾವು ಎಚ್ಚೆತ್ತದ್ದು ತಡವಾಗಿ. ಇಂದು ಅಸ್ಸಾಮಿನಂತಹ ದೂರದ ರಾಜ್ಯಗಳಿಂದ ಬರುವವರ ದಾರಿ ಕಾಯುತ್ತಿದ್ದೇವೆ. ಮುರಿದ ಪಲ್ಪರಿಗೆ ಅಷ್ಟು ದೂರದಿಂದ ಜನರನ್ನು ಕರೆಸಿಕೊಳ್ಳುವಷ್ಟು ವ್ಯವಧಾನ ಇರುವುದಿಲ್ಲ.

ಮಾಡಬೇಕಾದುದು

ವೃತ್ತಿಗೆ ಬರಬಯಸುವ ಯುವಕ ಯುವತಿಯರಿಗೆ ಸೂಚಿಸಬಹುದಾದ ಕ್ರಮ ಹೀಗಿದೆ. 8ನೇ ತರಗತಿಯಾದ ಮೇಲೆ ಅಥವಾ ಎಸ್‌ಎಸ್‌ಎಲ್‌ಸಿಯ ನಂತರ ಐಟಿಐಯಲ್ಲಿ ಒಂದು ವರ್ಷ. ಅದರ ಬೆನ್ನಿಗೆ ಅಪ್ರೆಂಟಿಸ್ ತರಬೇತಿ. ನಂತರ ಉತ್ತಮ ಶಾಪೊಂದರಲ್ಲಿ ಎರಡು ವರ್ಷ. ಅಷ್ಟರಲ್ಲಿ 3ಜಿ, 4ಜಿ ಭಂಗಿಗಳ ಪರೀಕ್ಷೆ. ಸ್ವಂತ ಶಾಪ್ ಆಮೇಲೆ. ಈಗಾಗಲೇ ಶಾಪಿನಲ್ಲಿ ದುಡಿಯುತ್ತಿರುವವರು ನಿರಾಶರಾಗಬೇಕಿಲ್ಲ. ಅನುಭವಸ್ಥರು ಖಾಸಗಿ ಅಭ್ಯರ್ಥಿಗಳಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕೂರಲು ಅವಕಾಶವಿದೆ. ಇದರ ಅರ್ಹತೆ ಮತ್ತು ದಿನಾಂಕಗಳನ್ನು ಐಟಿಐ ಪ್ರಾಚಾರ್ಯರಲ್ಲಿ ಕೇಳಿ ತಿಳಿಯಬೇಕು. ಶಾಪಿನ ನೋಂದಣಿಗೆ 2020ರಿಂದ ಉದ್ಯಮ್ ಜಾಲತಾಣವಿದೆ; ಬಂಡವಾಳಕ್ಕೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ 50,000 ರೂಪಾಯಿವರೆಗಿನ ಶಿಶು ಸಾಲವೇ ಮೊದಲ ಇನ್ವರ್ಟರ್ ಯಂತ್ರ, ಗ್ರೈಂಡರ್ ಮತ್ತು ರಕ್ಷಣಾ ಸಾಧನಗಳಿಗೆ ಸಾಕಾಗುತ್ತದೆ.

ನಮ್ಮ ಸದಸ್ಯ ಬಾಂಧವರಲ್ಲಿ ವಿನಂತಿ ಎರಡು. ಮೊದಲನೆಯದಾಗಿ, ಬೆಸುಗೆ ಕೆಲಸದ ಬಿಲ್ಲನ್ನು ಮೂರು ಸಾಲುಗಳಲ್ಲಿ ಕೇಳಿರಿ: ಕಬ್ಬಿಣ ತೂಕಕ್ಕೆ, ಬೆಸುಗೆ ಮಜೂರಿ ಕೆಲಸಕ್ಕೆ, ಬಣ್ಣ ಚದರಡಿಗೆ. ಹೀಗೆ ಬಿಡಿಸಿದಾಗ ಒಟ್ಟು ಮೊತ್ತ ಬಹಳವೇನೂ ಏರದು, ಆದರೆ ಒಳ್ಳೆಯ ಬೆಸುಗೆಗೆ ಬೆಲೆಯೊಂದು ಹುಟ್ಟುತ್ತದೆ. ಭಾರ ಹೊರುವ ಟ್ರಸ್ ಮತ್ತು ಏಣಿಗಳಲ್ಲಿ ಬಣ್ಣ ಹೊಡೆಯುವ ಮುನ್ನ ಸಂದುಗಳನ್ನು ನೋಡಿ ಒಪ್ಪುವ ರೂಢಿಯನ್ನು ಬೆಳೆಸಿರಿ. ಎರಡನೆಯದಾಗಿ, ತೋಟಕ್ಕೆ ಬಂದು ಕೆಲಸ ಮಾಡುವ ತಂಡದಲ್ಲಿ ಸಹಾಯಕನಿಗೂ ಶೀಲ್ಡ್ ಇಲ್ಲದಿದ್ದರೆ ಕೆಲಸ ಆರಂಭಿಸಗೊಡಬೇಡಿರಿ. ತಾನಾಗಿ ಕಪ್ಪಾಗುವ ಗಾಜಿನ ಹೆಲ್ಮೆಟ್ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಹಾರ್ಡ್‌ವೇರ್ ವರ್ತಕರು ರಾಡಿನ ಪೆಟ್ಟಿಗೆಗಳನ್ನು ನೆಲದಿಂದ ಎತ್ತರದಲ್ಲಿ, ಒಣ ಜಾಗದಲ್ಲಿ ಇಟ್ಟು ಮಾರುವುದರಿಂದಲೂ ಉಪಕಾರವಾಗುತ್ತದೆ.

ವಾಣಿಜ್ಯ ಸಂಸ್ಥೆಯಾಗಿ ನಾವು ಸರ್ಕಾರದ ಮುಂದಿಡಬೇಕಾದ ವಿಷಯಗಳೂ ಇವೆ. 1961ರ ಅಪ್ರೆಂಟಿಸ್ ಕಾಯಿದೆಯಡಿ 2019ರಲ್ಲಿ ತಂದ ನಿಯಮಗಳ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿಯಿದ್ದರೆ ಐಚ್ಛಿಕ. 2016ರ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯು ಶಿಷ್ಯವೇತನದ ಶೇ. 25ರಷ್ಟನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರವೇ ಭರಿಸುವ ವ್ಯವಸ್ಥೆ ತಂದಿತು. ಆದರೆ ಮಾಲೀಕರೊಬ್ಬರು, ಕೆಲಸಗಾರರಿಬ್ಬರು ಇರುವ ಹೋಬಳಿಯ ಶಾಪಿಗೆ ಈ ಬಾಗಿಲು ತೆರೆಯುವುದೇ ಇಲ್ಲ. ನಿಜವಾಗಿ ಕಲಿಕೆ ನಡೆಯುವ ಜಾಗವೇ ಕಾಯಿದೆಯ ಹೊರಗಿದೆ. ಅಕ್ಕಪಕ್ಕದ ನಾಲ್ಕಾರು ಶಾಪುಗಳನ್ನು ಒಂದು ತರಬೇತಿ ಘಟಕವೆಂದು ಪರಿಗಣಿಸುವ ತಿದ್ದುಪಡಿಗೆ ನಾವು ಒತ್ತಾಯಿಸಬೇಕು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳ ಪಟ್ಟಿಯಲ್ಲಿ ಕಮ್ಮಾರರಿದ್ದಾರೆ, ವೆಲ್ಡರ್ ಇಲ್ಲ. ಉಪಕರಣಗಳಿಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ ಆ ಯೋಜನೆಯಲ್ಲಿದೆ. ಇಂದು ಹಳ್ಳಿಗಳಲ್ಲಿ ಕುಲುಮೆಯ ಕೆಲಸದ ಬಹುಪಾಲನ್ನು ಮಾಡುತ್ತಿರುವುದು ವೆಲ್ಡಿಂಗ್ ಶಾಪುಗಳೇ. ಪಟ್ಟಿಗೆ ಈ ವೃತ್ತಿಯನ್ನೂ ಸೇರಿಸಬೇಕೆಂಬ ಮನವಿ ನ್ಯಾಯವಾದುದು. ಇದಲ್ಲದೆ ಮಳೆಗಾಲದ ಬಿಡುವಿನಲ್ಲಿ ಅನುಭವಸ್ಥ ಕೆಲಸಗಾರರ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಶಿಬಿರವೊಂದನ್ನು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ನೆರವಿನಿಂದ ಹೋಬಳಿ ಮಟ್ಟದಲ್ಲಿಯೇ ಏರ್ಪಡಿಸುವುದು ಅಸಾಧ್ಯವೇನಲ್ಲ. ಒಂದು ಟಿಗ್ ಯಂತ್ರ, ಒಂದು ರಾಡ್ ಒಣಗಿಸುವ ಒಲೆಯನ್ನು ಸಾಮೂಹಿಕವಾಗಿ ಕೊಂಡು ಬಾಡಿಗೆಗೆ ಕೊಡುವ ವ್ಯವಸ್ಥೆಯನ್ನು ಬೆಳೆಗಾರರೂ ವರ್ತಕರೂ ಕೂಡಿ ಮಾಡಬಹುದು.

ಈ ಕ್ರಮಗಳಲ್ಲಿ ಕೆಲವು ಸರ್ಕಾರದ ಕೈಯಲ್ಲಿವೆ. ಅವಕ್ಕೆ ಕಾಲ ಹಿಡಿಯುತ್ತದೆ. ಆದರೆ ಬಿಲ್ಲಿನಲ್ಲಿ ಬೆಸುಗೆಗೊಂದು ಸಾಲು ಬರೆಸುವುದಕ್ಕೆ ಯಾವ ಆದೇಶವೂ ಬೇಕಿಲ್ಲ. ಬರುವ ಕೊಯ್ಲಿಗೆ ಮುನ್ನ ಪಲ್ಪರ್ ದುರಸ್ತಿಗೆ ಕರೆ ಹೋಗುವಾಗಲೇ ಅದನ್ನು ಆರಂಭಿಸಬಹುದು.